ಮಗುಚಿಟ್ಟ ಬ್ರೆಡ್ಡು

ವೆರ್ನ್ಯೂಸ್ ಕೋಟೆಯ ಅಡುಗೆಮನೆಯಲ್ಲಿ ಸೊಲಾಂಜ್ ಕೂತು ಉಂಡದ್ದನ್ನು ಕಂಡವರಿಲ್ಲ. ಬಡಿಸುವವಳು ಕೂತರೆ ಸಾರು ಆರುತ್ತದೆ ಅನ್ನುವುದು ಅವಳ ವಾದ. ಪ್ರತಿ ಗುರುವಾರ ಮಧ್ಯಾಹ್ನ ಬಾಸ್ತಿಯಾಂ ಅನ್ನುವವನು ತನ್ನ ಪುಟ್ಟ ವ್ಯಾನಿನಲ್ಲಿ ಎಂಟು ಜನ ಪ್ರವಾಸಿಗರನ್ನು ತುಂಬಿಕೊಂಡು ಬರುತ್ತಿದ್ದ. ಲ್ವಾರ್ ನದಿಯ ಆಸುಪಾಸಿನ ಕೋಟೆಗಳನ್ನು ತೋರಿಸುವುದು, ಕಥೆ ಹೇಳುವುದು, ನಡುನಡುವೆ ಒಳ್ಳೆಯ ಊಟ ಹಾಕಿಸುವುದು ಅವನ ಕಸುಬು. ದೊಡ್ಡ ಕೋಟೆಗಳಲ್ಲಿ ಜನ ರಾಜರ ಮಂಚ ನೋಡಿ ಬಾಯಿ ಬಿಡುತ್ತಾರೆ. ನಮ್ಮ ವೆರ್ನ್ಯೂಸಿನಲ್ಲಿ ಇರುವುದು ಒಂದು ಮುರುಕು ಗೋಪುರ, ಒಂದು ಪಾರಿವಾಳದ ಗೂಡು, ಆಮೇಲೆ ಸೊಲಾಂಜಳ ಕೈಯ ಕೋಳಿ. ಬಂದವರು ಮೂರನೆಯದಕ್ಕೇ ಬರುತ್ತಿದ್ದರು, ಸುಳ್ಳೇಕೆ ಹೇಳಲಿ.

ಎಪ್ಪತ್ತು ದಾಟಿದ ಹೆಂಗಸು. ಗಂಡ ಒಬಾಂ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಮ್ಮ ಸೀಮೆಯ ಕರಿ ಕೋಳಿಯನ್ನು ಬೆಳಿಗ್ಗೆ ತಾನೇ ಕೊಯ್ದು, ಕೆಂಪು ವೈನಿನಲ್ಲಿ ಸಣ್ಣ ಉರಿಯ ಮೇಲೆ ಮಧ್ಯಾಹ್ನದವರೆಗೆ ಬೇಯಿಸುತ್ತಿದ್ದಳು. ಬಾಯಿ ಮಾತ್ರ ಕತ್ತರಿ. ಒಮ್ಮೆ ಯಾರೋ ಆ ಕೋಳಿಗೆ ಟೊಮೆಟೊ ಸಾಸ್ ಕೇಳಿದರು. "ಆಸ್ಪತ್ರೆ ಆ ಕಡೆ, ಸೇತುವೆ ದಾಟಿ ಬಲಕ್ಕೆ ತಿರುಗಿ" ಎಂದು ಬಾಗಿಲು ತೋರಿಸಿದ್ದಳು.

ಇಂಥವಳಿಗೆ ಊರಿನಲ್ಲಿ ಒಂದೇ ಒಂದು ಹೆಮ್ಮೆ. ಅದು ಬೇಕರಿಯ ಲೂಸಿಯಾಂ ಅವಳಿಗೆ ಬ್ರೆಡ್ಡು ಕೊಡುವ ರೀತಿ. ಮಿಕ್ಕವರ ಬ್ರೆಡ್ಡನ್ನು ಅವನು ಕಟ್ಟೆಯ ಮೇಲೆ ಧೊಪ್ಪನೆ ಎಸೆಯುತ್ತಿದ್ದ. ಸೊಲಾಂಜ್ ಬಂದರೆ ಕಟ್ಟೆ ಬಳಸಿ ಈಚೆ ಬಂದು, ಎರಡೂ ಕೈಯಲ್ಲಿ ಹಿಡಿದು, ಅವಳ ಕೈಗೇ ಇಡುತ್ತಿದ್ದ. ಅವನಪ್ಪ ಬದುಕಿದ್ದಾಗಲೂ ಹಾಗೇ ಕೊಡುತ್ತಿದ್ದ. ಈಗ ಅಂಗಡಿ ನೋಡಿಕೊಳ್ಳುವ ಲೂಸಿಯಾಂನ ಮಗಳೂ ಹಾಗೇ ಕೊಡುತ್ತಾಳೆ. ಸಂತೆಯಲ್ಲಿ ಹೆಂಗಸರು ಬಿಡುತ್ತಾರೆಯೇ?

"ಏನೇ ಸೊಲಾಂಜ್, ಲೂಸಿಯಾಂ ನಿನಗೆ ಕೊಡೋದು ಬ್ರೆಡ್ಡೋ, ಹೂವೋ?"

"ನಿನ್ನ ಮುಖಕ್ಕೆ ಎಸೀತಾನೆ ಅಂತ ಹೊಟ್ಟೆಕಿಚ್ಚಾ? ಮರ್ಯಾದೆ ಕಣೇ ಅದು, ಮರ್ಯಾದೆ! ಕೋಟೆ ಅಡುಗೆಯವಳು ನಾನು."

ಈ ಮಾತು ಕೇಳಿದಾಗಲೆಲ್ಲ ಒಬಾಂ ಮೀಸೆಯೊಳಗೇ ನಗುತ್ತಿದ್ದ. ಅವನೂ ಒಂದು ವಿಚಿತ್ರ ಪ್ರಾಣಿಯೇ. ಮನೆಯಲ್ಲಿ ಊಟದ ಮೇಜಿನ ಮೇಲೆ ಬ್ರೆಡ್ಡನ್ನು ತಾನೇ ಇಡಬೇಕು, ಬೇರೆಯವರು ಮುಟ್ಟಬಾರದು. ನೆಂಟರು ಬಂದರೂ ಅಷ್ಟೇ, ಅವರ ಕೈಯಿಂದ ಕಿತ್ತುಕೊಂಡು ತಾನೇ ಇಡುತ್ತಿದ್ದ. ಕೊನೆಗಾಲದಲ್ಲಿ ಕೈ ನಡುಗುವಾಗಲೂ ಆ ಕೆಲಸ ಬಿಟ್ಟುಕೊಡಲಿಲ್ಲ. ಗಂಡಸರಿಗೆ ಒಂದೊಂದು ಹುಚ್ಚು ಎಂದು ಸೊಲಾಂಜ್ ಸುಮ್ಮನಾಗಿದ್ದಳು.

ಈ ಹೆಮ್ಮೆಯ ಅಡಿಯಲ್ಲಿ ಒಂದು ಹೆದರಿಕೆ ಇತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕೊನೆಗೆ ತೆಗೆದು ತೋರಿಸುವುದು ಜಾದೂಗಾರರ ಕೆಲಸ, ನನ್ನದಲ್ಲ.

ಸೊಲಾಂಜ್ ಹುಟ್ಟಿ ಬೆಳೆದದ್ದು ಪ್ಯಾರಿಸ್ಸಿನ ಅಂಚಿನ ಒಂದು ಬೀದಿಯಲ್ಲಿ. ಅಪ್ಪ ಗ್ಯಾರೇಜಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಆದರೆ ವರ್ಷಕ್ಕೆ ಒಂದೆರಡು ಸಲ ಸರಕಾರದ ಕರೆ ಬರುತ್ತಿತ್ತು. ಆಗ ಅವನು ಕರಿ ಕೋಟು ತೊಟ್ಟು, ಸಣ್ಣ ಪೆಟ್ಟಿಗೆ ಹಿಡಿದು ರೈಲು ಹತ್ತುತ್ತಿದ್ದ. ಯಾವುದೋ ಊರಿನ ಜೈಲಿನ ಅಂಗಳದಲ್ಲಿ ತಲೆ ಕತ್ತರಿಸುವ ಯಂತ್ರವನ್ನು ಜೋಡಿಸಿ, ಕೆಲಸ ಮುಗಿದ ಮೇಲೆ ತೊಳೆದು ಬಿಚ್ಚಿಡುವವರಲ್ಲಿ ಅವನೊಬ್ಬ. ವಧಕಾರನ ಸಹಾಯಕ. ಮರುದಿನ ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದ. ಮನೆಯಲ್ಲಿ ಒಂದು ಕೋಳಿ ಕೊಯ್ಯಲೂ ಆಗದ ಮೃದು ಮನುಷ್ಯ. ಅದನ್ನು ಅಮ್ಮನೇ ಮಾಡಬೇಕಾಗಿತ್ತು.

ಬೀದಿಗೆ ಅವನ ಮೃದುತನದಿಂದ ಏನಾಗಬೇಕು? ರಾಜರ ಕಾಲದಲ್ಲಿ ಬ್ರೆಡ್ಡಿನವರು ವಧಕಾರನ ಬ್ರೆಡ್ಡನ್ನು ಬೇರೆ ಯಾರೂ ಮುಟ್ಟದಿರಲಿ ಎಂದು ಮಗುಚಿ ಇಡುತ್ತಿದ್ದರಂತೆ. ಇವತ್ತಿಗೂ ನಮ್ಮಲ್ಲಿ ಬ್ರೆಡ್ಡು ತಲೆಕೆಳಗಾಗಿ ಕಂಡರೆ ಯಾರಾದರೊಬ್ಬರು ಕೈಚಾಚಿ ಸರಿ ಮಾಡಿಯೇ ಮಾಡುತ್ತಾರೆ, ಯಾಕೆಂದು ಕೇಳಿದರೆ ಅಪಶಕುನ ಎನ್ನುತ್ತಾರೆ. ಆ ಬೀದಿಯ ಬೇಕರಿಯಲ್ಲಿ ಇವರ ಮನೆಯ ಬ್ರೆಡ್ಡು ಯಾವಾಗಲೂ ಹಲಗೆಯ ತುದಿಯಲ್ಲಿ, ಮಗುಚಿ, ಒಂಟಿಯಾಗಿ ಇರುತ್ತಿತ್ತು. ತರಲು ಹೋಗುತ್ತಿದ್ದ ಪುಟ್ಟ ಸೊಲಾಂಜ್ ಮೊದಲ ತಿರುವಿನಲ್ಲೇ ಅದನ್ನು ನೆಟ್ಟಗೆ ಮಾಡಿಕೊಂಡು, ಏನೂ ಆಗದವಳಂತೆ ಮನೆಗೆ ಬರುತ್ತಿದ್ದಳು. ಶಾಲೆಯ ಊಟದಲ್ಲಿ ಮಕ್ಕಳು ಅವಳ ತಟ್ಟೆಯ ಪಕ್ಕದ ತುಂಡನ್ನು ಮಗುಚಿಟ್ಟು ಕಿಸಕ್ಕನೆ ನಗುತ್ತಿದ್ದರು.

ಒಬಾಂ ಅವಳನ್ನು ಮದುವೆಯಾಗಿ ವೆರ್ನ್ಯೂಸಿಗೆ ಕರೆತಂದಾಗ ಅವಳು ಹೇಳಿದ್ದು ಅಪ್ಪ ಗ್ಯಾರೇಜಿನವನು ಎಂದಷ್ಟೇ. ಮದುವೆಗೆ ಅಪ್ಪ ಬಂದ, ಮೂಲೆಯಲ್ಲಿ ಕೂತ, ಹೋದ. ಆಮೇಲೆ ಅವಳು ಅವನನ್ನು ಕರೆಯಲಿಲ್ಲ, ತಾನೂ ಹೋಗಲಿಲ್ಲ. ಕೆಲವು ವರ್ಷದ ಮೇಲೆ ಅಪ್ಪ ಸತ್ತನೆಂದು ಗ್ಯಾರೇಜಿನಿಂದ ಫೋನು ಬಂತು. ಸೊಲಾಂಜ್ ಜ್ವರ ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಮಣ್ಣಿಗೂ ಹೋಗಲಿಲ್ಲ. ಹೋದರೆ ಒಬಾಂ ಜೊತೆಗೆ ಬರುತ್ತಾನೆ, ಅಲ್ಲಿ ಯಾರಾದರೂ ಬಾಯಿ ಬಿಡುತ್ತಾರೆ, ಆಮೇಲೆ ಅವನು ನನ್ನ ಕೈಯ ಅನ್ನ ಮುಟ್ಟುತ್ತಾನೆಯೇ? ಜೀವಮಾನವಿಡೀ ಅವಳನ್ನು ತಿಂದದ್ದು ಇದೊಂದೇ. ಒಬಾಂ ಸತ್ತಾಗ ಅಳುವಿನ ನಡುವೆ ಅವಳಿಗೆ ಒಂದು ಕ್ಷಣ ಸಮಾಧಾನವೂ ಆಯಿತು, ಸದ್ಯ, ಗೊತ್ತಾಗದೆ ಹೋದ ಎಂದು. ಆ ಸಮಾಧಾನಕ್ಕೆ ಅವಳು ತನ್ನನ್ನು ತಾನು ಎಷ್ಟು ಬೈದುಕೊಂಡಳೋ.

ಅಕ್ಟೋಬರಿನ ಆ ಗುರುವಾರ ಅವಳ ಮಂಡಿ ಬಾತು ಬೆಲ್ಲದುಂಡೆಯಾಗಿತ್ತು. ಬೇಕರಿಗೆ ಹೋಗಲಾಗದೆ ಬ್ರೆಡ್ಡು ತರುವುದನ್ನು ಬಾಸ್ತಿಯಾಂಗೇ ಹೇಳಿದ್ದಳು. ಬಂದವರು ಬೆಲ್ಜಿಯಂನವರು, ನಮ್ಮದೇ ಭಾಷೆಯವರು, ಊಟದ ವಿಷಯದಲ್ಲಿ ಗಟ್ಟಿಗರು. ಕುಂಟುತ್ತಾ ಸಾರಿನ ಪಾತ್ರೆ ತಂದವಳನ್ನು ಅವರು ಸುಮ್ಮನೆ ಬಿಡಲಿಲ್ಲ. ದಪ್ಪನೆಯ ಹೆಂಗಸೊಬ್ಬಳು ಎದ್ದು ತೋಳು ಹಿಡಿದು, "ಕೂತ್ಕೊಳ್ಳಿ ಮದಾಂ! ನೀವು ನಿಂತ್ರೆ ನಮಗೆ ಗಂಟಲಲ್ಲಿ ಇಳಿಯಲ್ಲ" ಎಂದು ಕುರ್ಚಿಗೆ ದಬ್ಬಿಯೇ ಬಿಟ್ಟಳು.

"ಒಂದಿನ ಕೂತ್ರೆ ಕೋಟೆ ಬಿದ್ದುಹೋಗಲ್ಲ ಮದಾಂ ಸೊಲಾಂಜ್" ಎಂದ ಬಾಸ್ತಿಯಾಂ. "ಕೋಳಿ ನಾನು ಬಡಿಸ್ತೀನಿ."

"ನೀನು ಬಡಿಸಿದ್ರೆ ಕಾಲೆಲ್ಲ ನಿನ್ನ ತಟ್ಟೆಗೇ ಹೋಗುತ್ತೆ, ನನಗೆ ಗೊತ್ತಿಲ್ವಾ?" ಎಂದಳು. ಆದರೂ ಕೂತು, ತನ್ನ ತಟ್ಟೆಗೂ ಒಂದು ಸೌಟು ಸಾರು ಹಾಕಿಕೊಂಡಳು. ಮಂಡಿಗೆ ಹಾಯೆನಿಸಿತು.

ಬಾಸ್ತಿಯಾಂಗೆ ಪ್ರತಿ ಪ್ರವಾಸದಲ್ಲೂ ಹೇಳುವ ಒಂದಿಷ್ಟು ತಮಾಷೆಗಳಿದ್ದವು. ಸಾರಿಗೂ ಕೋಳಿಗೂ ನಡುವೆ ಒಂದು. ಆ ಹೊತ್ತಿಗೆ ಸೊಲಾಂಜ್ ಯಾವಾಗಲೂ ಹಿಂದಿನ ಕೋಣೆಯಲ್ಲಿ ಬಾಣಲೆಯ ಜೊತೆ ಗುದ್ದಾಡುತ್ತಿರುತ್ತಿದ್ದಳು. ಆದ್ದರಿಂದ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಅವನು ಬುಟ್ಟಿಯಿಂದ ದುಂಡನೆಯ ದೊಡ್ಡ ಬ್ರೆಡ್ಡೊಂದನ್ನು ಎತ್ತಿ ಹಿಡಿದ.

"ಇದನ್ನ ಮೇಜಿನ ಮೇಲೆ ಯಾವತ್ತೂ ಮಗುಚಿ ಇಡಬಾರದು. ಯಾಕೆ ಹೇಳಿ ನೋಡೋಣ? ನಿಮ್ಮಜ್ಜಿ ಅಪಶಕುನ ಅಂದಿರ್ತಾರೆ. ಅಜ್ಜಿಗೂ ಕಾರಣ ಗೊತ್ತಿರಲ್ಲ. ಮಗುಚಿಟ್ಟ ಬ್ರೆಡ್ಡು ವಧಕಾರನ ಪಾಲು ಸ್ವಾಮಿ! ಅದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ." ಅವನು ದನಿ ತಗ್ಗಿಸಿ ಮೇಜಿನ ಸುತ್ತ ಒಬ್ಬೊಬ್ಬರ ಮುಖವನ್ನೇ ನೋಡಿದ. "ಈಗ ಹೇಳಿ, ನಮ್ಮ ನಡುವೆ ವಧಕಾರ ಯಾರು? ಬೆಳಿಗ್ಗೆಯಿಂದ ಕತ್ತು ಕತ್ತರಿಸಿ ಕತ್ತರಿಸಿ ಕೈ ಸೋತಿರೋರು ಯಾರು? ಇನ್ಯಾರು, ನಮ್ಮ ಮದಾಂ ಸೊಲಾಂಜ್!"

ಬ್ರೆಡ್ಡು ಅವಳ ತಟ್ಟೆಯ ಪಕ್ಕ, ಮಗುಚಿಕೊಂಡು, ಧಪ್ಪನೆ ಬಂದು ಕೂತಿತು.

ಎಲ್ಲರೂ ಗೊಳ್ಳೆಂದು ನಕ್ಕರು. ಹಿಟ್ಟು ಮೆತ್ತಿದ, ಒಲೆಯ ಕಲ್ಲಿನ ಗುರುತು ಬಿದ್ದ ಆ ಬ್ರೆಡ್ಡಿನ ತಳವನ್ನು ಅವಳು ಅರವತ್ತು ವರ್ಷದಿಂದ ನೋಡಿರಲಿಲ್ಲ. ಕೈಯಲ್ಲಿದ್ದ ಸೌಟು ಜಾರಿ ಕಲ್ಲುನೆಲದ ಮೇಲೆ ಠಣ್ ಎಂದಿತು.

"ಯಾರು ಹೇಳಿದ್ರು ನಿನಗೆ?"

"ಏನನ್ನ ಮದಾಂ?"

"ನಮ್ಮಪ್ಪನ ವಿಷಯ. ಯಾರು ಹೇಳಿದ್ದು? ಬೊಗಳು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಗು ನಿಂತಿತು. ದಪ್ಪನೆಯ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಬಾಸ್ತಿಯಾಂ ಪೆಚ್ಚಾಗಿ, "ದೇವರಾಣೆ ಮದಾಂ, ಇದು ನಾನು ಹೋದಲ್ಲೆಲ್ಲ ಮಾಡೋ ತಮಾಷೆ. ನಿಮ್ಮಪ್ಪ ಯಾರು ಅಂತಾನೂ ನನಗೆ..." ಎಂದು ತೊದಲುತ್ತಾ ಅರ್ಧಕ್ಕೇ ನಿಲ್ಲಿಸಿದ. ಅವನಿಗೂ ಅರ್ಥವಾಗಿಹೋಗಿತ್ತು, ಮೇಜಿನ ಸುತ್ತ ಇದ್ದವರಿಗೂ. ಅಷ್ಟು ವರ್ಷ ಗಂಡನಿಂದ ಮುಚ್ಚಿಟ್ಟದ್ದನ್ನು ಅವಳು ಗುರುತು ಪರಿಚಯ ಇಲ್ಲದ ಎಂಟು ಜನರ ಮುಂದೆ ತಾನಾಗಿಯೇ ಚೆಲ್ಲಿಬಿಟ್ಟಿದ್ದಳು.

ಆದರೆ ಸಿಟ್ಟು ಬಂದವರಿಗೆ ಬುದ್ಧಿ ನಿಧಾನ. ಸೊಲಾಂಜ್ ಅವನ ಮಾತನ್ನು ನಂಬಲಿಲ್ಲ. ಬ್ರೆಡ್ಡು ತಂದವನು ಇವನು. ತಂದದ್ದು ಲೂಸಿಯಾಂ ಅಂಗಡಿಯಿಂದ. ಅಲ್ಲೇ ಯಾರೋ ಕಿವಿ ಊದಿದ್ದಾರೆ! ಕೋಳಿಯನ್ನು ಒಲೆಯ ಮೇಲೇ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ ಕೋಟೆಯ ಇಳಿಜಾರು ಇಳಿದಳು. ಮಂಡಿ ಕಿರುಚುತ್ತಿತ್ತು. ದಾರಿಯಲ್ಲಿ ಚರ್ಚಿನ ಹಿಂದಿನ ಸಮಾಧಿಗಳ ಗೋಡೆ ಸಿಗುತ್ತದೆ. ದಿನಾ ಅಲ್ಲಿ ನಿಂತು ಒಬಾಂಗೆ ಎರಡು ಮಾತು ಬೈದು ಹೋಗುವವಳು ಇವತ್ತು ಆ ಕಡೆ ಕತ್ತು ತಿರುಗಿಸಲಿಲ್ಲ.

ಬೇಕರಿಯ ಬಾಗಿಲು ಮಧ್ಯಾಹ್ನಕ್ಕೆಂದು ಅರ್ಧ ಮುಚ್ಚಿತ್ತು. ಮುದುಕ ಲೂಸಿಯಾಂ ಒಬ್ಬನೇ ಹಿಂದುಗಡೆ ಕೂತು ಮೇಕೆ ಚೀಸು ಕೊಯ್ದು ತಿನ್ನುತ್ತಿದ್ದ.

"ಆ ವ್ಯಾನಿನವನ ಕಿವಿ ಊದಿದ್ದು ನೀನೇನೋ?"

"ಯಾವ ವ್ಯಾನು? ಕೂತ್ಕೊ ಮೊದ್ಲು. ನಿನ್ನ ಕಾಲು ನೋಡು ಹೇಗಾಗಿದೆ."

"ಕಾಲು ಸುಡುಗಾಡಿಗೆ ಹೋಗ್ಲಿ! ನಮ್ಮಪ್ಪನ ವಿಷಯ ಹೇಳಿದ್ದು ನೀನಾ, ಅಲ್ವಾ?"

ಲೂಸಿಯಾಂ ಚಾಕು ಕೆಳಗಿಟ್ಟ. ಯಾವ ವಿಷಯ ಎಂದು ಕೇಳಲಿಲ್ಲ. ನಿಮ್ಮಪ್ಪನಿಗೆ ಏನಾಗಿತ್ತು ಎಂದೂ ಕೇಳಲಿಲ್ಲ. ಅವನು ಕೇಳದೆ ಇದ್ದದ್ದರಿಂದಲೇ ಸೊಲಾಂಜಳಿಗೆ ತಿಳಿಯಿತು, ಇವನಿಗೆ ಮೊದಲೇ ಗೊತ್ತಿದೆ ಎಂದು.

"ನಾನು ಯಾರಿಗೂ ಹೇಳಿಲ್ಲ ಕಣೇ" ಎಂದ. "ನಮ್ಮಪ್ಪನೂ ಸಾಯೋತನಕ ಹೇಳಲಿಲ್ಲ. ಮಗಳಿಗೆ ಕೈಗೇ ಕೊಡು ಅಂತ ಹೇಳಿದ್ದೀನಿ, ಯಾಕೆ ಅಂತ ಹೇಳಿಲ್ಲ."

"ಏನನ್ನ ಕೈಗೆ ಕೊಡೋದು?"

"ಬ್ರೆಡ್ಡನ್ನ. ಇನ್ನೇನನ್ನ?"

ಅವಳು ಹಿಟ್ಟಿನ ಮೂಟೆಯೊಂದರ ಮೇಲೆ ಕೂತುಬಿಟ್ಟಳು. ಲೂಸಿಯಾಂ ತನ್ನ ಗ್ಲಾಸಿನ ವೈನನ್ನು ಅವಳ ಕಡೆ ಸರಿಸಿ, ಅವಳು ಮುಟ್ಟದಿದ್ದಾಗ ತಾನೇ ಕುಡಿದ.

"ನಿಮ್ಮ ಮದುವೆ ಆದ ಮರುದಿನ ಬೆಳಿಗ್ಗೆ ಒಬಾಂ ಇಲ್ಲಿ ಬಂದು ನಿಂತಿದ್ದ. ಒಲೆ ಮುಂದೆ ನಾನೂ ಅಪ್ಪನೂ ಇದ್ವಿ. ನನ್ನ ಹೆಂಡತಿ ಬಂದ್ರೆ ಬ್ರೆಡ್ಡನ್ನ ಕಟ್ಟೆ ಮೇಲೆ ಹಾಕಬೇಡಿ, ಕೈಗೇ ಕೊಡಿ ಅಂದ. ನೀವು ಎಸೆಯೋ ರಭಸಕ್ಕೆ ಒಂದಲ್ಲ ಒಂದಿನ ಅದು ಮಗುಚಿ ಬೀಳುತ್ತೆ, ಅವಳು ನೋಡ್ತಾಳೆ ಅಂದ. ಅಪ್ಪ ನಕ್ಕ. ಆಗ ಒಬಾಂ ಎಲ್ಲ ಹೇಳಿದ. ಅಪ್ಪನ ನಗು ನಿಂತುಹೋಯ್ತು."

"ಒಬಾಂ?" ಎಂದಳು ಸೊಲಾಂಜ್. "ಒಬಾಂಗೆ ಗೊತ್ತಿತ್ತಾ?"

"ನಿಮ್ಮಪ್ಪನೇ ಹೇಳಿದ್ದನಂತೆ. ಮದುವೆಗೆ ಮೊದಲೇ, ಗ್ಯಾರೇಜಿಗೆ ಕರೆಸಿಕೊಂಡು. ಮಗಳನ್ನ ಕೊಡೋ ಕೈ ಎಂಥದ್ದು ಅಂತ ತಿಳ್ಕೊಂಡು ಆಮೇಲೆ ಒಪ್ಪಿಕೋ ಅಂದನಂತೆ. ಒಬಾಂ ಒಪ್ಪಿಕೊಂಡ. ಆಗ ನಿಮ್ಮಪ್ಪ ಒಂದೇ ಒಂದು ಮಾತು ತಗೊಂಡ. ನಿನಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಾಗಬಾರದು. ಯಾರಿಗೂ ಗೊತ್ತಿಲ್ಲದ ಊರು ಬೇಕು ಅಂತಾನೇ ಅವಳು ಮನೆ ಬಿಡ್ತಿರೋದು, ಆ ಊರನ್ನ ಅವಳಿಂದ ಕಿತ್ಕೋಬೇಡ ಅಂತ."

"ಸುಳ್ಳು!" ಎಂದು ಚೀರಿದಳು. ಆದರೆ ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ನೆಂಟರ ಕೈಯಿಂದ ಬ್ರೆಡ್ಡು ಕಿತ್ತುಕೊಳ್ಳುತ್ತಿದ್ದ ಒಬಾಂ, ನಡುಗುವ ಕೈಯಲ್ಲಿ ಅದನ್ನು ನೆಟ್ಟಗೆ ಕೂರಿಸಿ, ಒಂದು ಸಲ ಮುಟ್ಟಿ ನೋಡಿ, ಆಮೇಲೆ ಕೂರುತ್ತಿದ್ದ ಒಬಾಂ. ಗಂಡಸರ ಹುಚ್ಚು ಎಂದುಕೊಂಡಿದ್ದಳಲ್ಲ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಅವಳು ಬದುಕಿದ್ದಳು, ಮನೆಯವನು ಬಟ್ಟಲಿಗೆ ಹಾಲು ಹಾಕುತ್ತಲೇ ಇದ್ದ.

ಮೊದಲು ಬಂದದ್ದು ಸಿಟ್ಟೇ. "ಅಷ್ಟು ವರ್ಷ! ಒಂದೇ ಹಾಸಿಗೇಲಿ ಮಲಗಿ ಒಂದು ಮಾತು ಆಡಲಿಲ್ವಲ್ಲ ಆ ಕಲ್ಲುಗುಂಡು! ನಾನು ದಿನಾ ಸತ್ತು ಸತ್ತು ಬದುಕಿದ್ದೀನಿ. ಬಾಯಿ ಬಿಡೋಕೆ ಏನಾಗಿತ್ತು ಅವನಿಗೆ?"

"ನೀನು ಬಿಟ್ಟಿದ್ಯಾ?" ಎಂದ ಲೂಸಿಯಾಂ.



ಮುರಿಯದಿರಲೆಂದು ಚೀಸಿನ ನಡುವೆ ತೂರಿಸಿದ್ದ ಹುಲ್ಲುಕಡ್ಡಿಯನ್ನು ಲೂಸಿಯಾಂ ಎಳೆದು ತೆಗೆದ. "ಇನ್ನೊಂದಿದೆ. ಹೇಳಬೇಡ ಅಂದಿದ್ದ ಅವನು. ಅವನೂ ಹೋದ, ನಾಳೆ ನಾನೂ ಹೋದ್ರೆ ಹೇಳೋರು ಯಾರೂ ಇರಲ್ಲ. ನಿನಗೆ ಜ್ವರ ಬಂದಿತ್ತಲ್ಲ, ನಿಮ್ಮಪ್ಪ ಸತ್ತಾಗ?"

ಸೊಲಾಂಜ್ ತಲೆ ಎತ್ತಲಿಲ್ಲ.

"ಆವತ್ತು ಒಬಾಂ ಟ್ರಾಕ್ಟರ್ ಸಾಮಾನು ತರ್ತೀನಿ ಅಂತ ಪಟ್ಟಣಕ್ಕೆ ಹೋಗಿದ್ದ."

ಅವಳಿಗೆ ನೆನಪಿತ್ತು. ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬಂದಿದ್ದ, ಬೂಟಿನ ತುಂಬ ಕೆಸರು, ಸಾಮಾನು ಇಲ್ಲ. ಹಾಸಿಗೆಯಿಂದಲೇ ಅವಳು ಕೂಗಾಡಿದ್ದಳು. ಇಡೀ ದಿನ ಹಾಳು ಮಾಡಿ ಬರಿಗೈಲಿ ಬಂದ್ಯಾ, ನಿನ್ನಂಥ ದಂಡಪಿಂಡ ಇನ್ನೊಬ್ಬ ಇಲ್ಲ ಎಂದಿದ್ದಳು. ಅವನು ಬೂಟು ಬಿಚ್ಚಿ, ತೊಳೆದು, ಅವಳ ಹಣೆ ಮುಟ್ಟಿ ನೋಡಿ ಮಲಗಿದ್ದ.

"ನಮ್ಮ ಬೇಕರಿ ವ್ಯಾನಿನಲ್ಲಿ ಹೋದ್ವಿ, ನಾನೇ ಓಡಿಸಿದ್ದು. ಮಳೆ. ಪಾದ್ರಿ, ಗ್ಯಾರೇಜಿನ ಒಬ್ಬ ಮುದುಕ, ನಾವಿಬ್ರು. ಅಷ್ಟೇ ಜನ. ಹೊರಡುವಾಗ ಒಬಾಂ ಅಂಗಡಿಯಿಂದ ಒಂದು ಬ್ರೆಡ್ಡು ಎತ್ಕೊಂಡಿದ್ದ, ದಾರಿಗೆ ಅಂತ ನಾನು ತಿಳ್ಕೊಂಡೆ. ಮಣ್ಣು ಮುಚ್ಚಿ ಅವರೆಲ್ಲ ಹೋದ ಮೇಲೆ ಅದನ್ನ ತಂದು ಮಣ್ಣಿನ ಮೇಲೆ ಇಟ್ಟ. ನೆಟ್ಟಗೆ. ಗಾಳಿಗೆ ಉರುಳೀತು ಅಂತ ಎರಡೂ ಕಡೆ ಕಲ್ಲು ಕೊಟ್ಟ." ಲೂಸಿಯಾಂ ಕಡ್ಡಿಯನ್ನು ಕೆಳಗಿಟ್ಟ. "ಆಮೇಲೆ ನಿಮ್ಮಪ್ಪನಿಗೆ ಹೇಳಿದ, ಗಟ್ಟಿಯಾಗೇ ಹೇಳಿದ. ಸೊಲಾಂಜ್ ಕಳಿಸಿದ್ದಾಳೆ, ತಗೊಳ್ಳಿ ಅಂತ."

ಸೊಲಾಂಜಳ ಕೊರಳಿನಿಂದ ಒಂದು ಸದ್ದು ಬಂತು. ಅಳು ಎಂದು ಅದನ್ನು ಕರೆಯಲು ಬರುವುದಿಲ್ಲ, ಪೆಟ್ಟು ತಿಂದ ದನದ ಸದ್ದು ಅದು. ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ತಾನು ಕಳಿಸಿರಲಿಲ್ಲ. ಒಂದು ಹಿಡಿ ಮಣ್ಣನ್ನೂ ಕಳಿಸಿರಲಿಲ್ಲ. ಸತ್ತವನ ಮುಂದೆ ಅವಳ ಮಾನ ಉಳಿಸಲು ಒಬಾಂ ಸುಳ್ಳು ಹೇಳಿ ಬಂದಿದ್ದ, ಬಂದವನಿಗೆ ಅವಳು ದಂಡಪಿಂಡ ಎಂದಿದ್ದಳು. ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ನುಗ್ಗಿ ಬಂದವು. ಲೂಸಿಯಾಂ ಬೆನ್ನು ತಟ್ಟಲು ಕೈ ಎತ್ತಿ, ಕೈಯ ಹಿಟ್ಟು ನೋಡಿ, ಆದದ್ದಾಗಲಿ ಎಂದು ತಟ್ಟಿದ.

ಅವಳು ಎದ್ದು ಹೊರಟಾಗ ಅವನು ಕೋಲು ಕೊಟ್ಟ. ಸಮಾಧಿಗಳ ಗೋಡೆಯ ಬಳಿ ಅವಳು ಈ ಸಲ ನಿಂತಳು. ಬೈಯಲು ಬಾಯಿ ತೆರೆದಳು, ಅಭ್ಯಾಸ ನೋಡಿ. ಬೈಗುಳ ಬರಲಿಲ್ಲ. "ಬರ್ತೀನಿ ಇರು" ಎಂದಷ್ಟೇ ಹೇಳಿ ಏರು ಹತ್ತಿದಳು.

ಕೋಟೆಯ ಅಡುಗೆಮನೆಯಲ್ಲಿ ಯಾರೂ ಎದ್ದಿರಲಿಲ್ಲ, ಯಾರೂ ಊಟ ಮುಂದುವರಿಸಿರಲಿಲ್ಲ. ಬಾಸ್ತಿಯಾಂ ಅತ್ತೂ ಅತ್ತೂ ಕಣ್ಣು ಕೆಂಪಾಗಿಸಿಕೊಂಡಿದ್ದ. ಕೋಳಿಯನ್ನು ಮಾತ್ರ ಒಲೆಯಿಂದ ಇಳಿಸಿದ್ದ, ಅಷ್ಟು ಬುದ್ಧಿ ಇತ್ತು. ಅವಳ ತಟ್ಟೆಯ ಪಕ್ಕ ಬರಿದಾಗಿತ್ತು.

"ಆ ಬ್ರೆಡ್ಡು ಎಲ್ಲಿ?"

"ಕಪಾಟಲ್ಲಿ ಇಟ್ಟೆ ಮದಾಂ. ನೆಟ್ಟಗೆ ಇಟ್ಟಿದ್ದೀನಿ. ನನ್ನದು ತಪ್ಪಾಯ್ತು, ನಾನು..."

"ತಾ ಇಲ್ಲಿ."

ತಂದ. ಲೂಸಿಯಾಂನಂತೆಯೇ ಎರಡೂ ಕೈಯಲ್ಲಿ ಹಿಡಿದು ಅವಳ ಕೈಗೆ ಕೊಟ್ಟ. ಸೊಲಾಂಜ್ ಕುರ್ಚಿಯಲ್ಲಿ ಕೂತಳು. ಬ್ರೆಡ್ಡನ್ನು ತನ್ನ ತಟ್ಟೆಯ ಪಕ್ಕ ಇಟ್ಟು, ಎಲ್ಲರೂ ನೋಡುತ್ತಿದ್ದಂತೆ, ತಾನೇ ಮಗುಚಿದಳು. ಬೆಲ್ಜಿಯಂನ ದಪ್ಪನೆಯ ಹೆಂಗಸಿನ ಕೈ ತಾನಾಗಿ ಅದನ್ನು ಸರಿ ಮಾಡಲು ಮುಂದೆ ಬಂತು.

"ಬಿಡಿ ಮದಾಂ" ಎಂದಳು ಸೊಲಾಂಜ್. "ಇದು ನಮ್ಮಪ್ಪನ ಪಾಲು. ಅವನು ದಿನಾ ತಿಂದದ್ದು ಇದನ್ನೇ. ನಾನು ಒಂದಿನಾನೂ ಅವನ ಎದುರು ಇದನ್ನ ಹೀಗೇ ಇಡಲಿಲ್ಲ, ದಾರೀಲೇ ನೆಟ್ಟಗೆ ಮಾಡ್ಕೊಂಡು ಬರ್ತಿದ್ದೆ. ಮದುವೆ ಆದ್ಮೇಲೆ ಅವನ ಜೊತೆ ಕೂತು ತಿನ್ನಲೂ ಇಲ್ಲ."

ಮಗುಚಿದ ಬ್ರೆಡ್ಡಿನಿಂದಲೇ ಒಂದು ತುಂಡು ಕೊಯ್ದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿಯುತ್ತಾ ಬಾಸ್ತಿಯಾಂ ಕಡೆ ನೋಡಿದಳು.

"ನಿಂತು ಏನ್ ನೋಡ್ತೀಯೋ ಮರಿ? ಕೋಳಿ ಬಡಿಸು. ನಾನು ಕೂತಿದ್ದೀನಿ."

ಸಾರು ಪೂರ್ತಿ ಆರಿಹೋಗಿತ್ತು. ಅವಳು ಅದನ್ನೇ ಕೊನೆಯವರೆಗೂ ಉಂಡಳು.